ಹೆಗ್ಗಡದೇವನಕೋಟೆಯ ನಲಿ-ಕಲಿ: ಶಾಲೆಗಳನ್ನು ಮುನ್ನಡೆಸಿದವರು ಯಾರು?

ಶಾಲಾ ನಾಯಕತ್ವದ ಮಾತು ಬಂದಾಗ ನಮ್ಮಲ್ಲಿ ಸಾಮಾನ್ಯವಾಗಿ ಒಬ್ಬ ಮುಖ್ಯ ಶಿಕ್ಷಕರ ಕಥೆ ಹೇಳುತ್ತಾರೆ. ಅವರು ಬಂದರು, ಕಾಂಪೌಂಡ್ ಕಟ್ಟಿಸಿದರು, ಗೋಡೆಗೆ ಬಣ್ಣ ಬಳಿಸಿದರು, ದಾನಿಗಳನ್ನು ಹಿಡಿದು ಕಂಪ್ಯೂಟರ್ ತರಿಸಿದರು, ದಾಖಲಾತಿ ಏರಿತು. ಅಂಥವರ ಬಗ್ಗೆ ನನಗೆ ನಿಜವಾದ ಗೌರವ ಇದೆ. ಆದರೆ ಕಥೆ ಮುಗಿದ ಮೇಲೂ ಒಂದು ಪ್ರಶ್ನೆ ಹಾಗೇ ಉಳಿಯುತ್ತದೆ. ಎರಡನೇ ತರಗತಿಯ ಹಿಂದಿನ ಸಾಲಿನಲ್ಲಿ ಕೂತ ಮಗುವಿಗೆ ಓದಲು ಬಂತಾ?

ಅದಕ್ಕೇ ಇಲ್ಲಿ ಬೇರೆ ತರಹದ ಪ್ರಕರಣವೊಂದನ್ನು ಆರಿಸಿಕೊಂಡಿದ್ದೇನೆ. ಇದರಲ್ಲಿ ಒಬ್ಬ ನಾಯಕ ಇಲ್ಲ, ಒಂದು ಶಾಲೆಯೂ ಇಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಪ್ರಾಥಮಿಕ ಶಾಲಾ ಶಿಕ್ಷಕರು ತಮ್ಮ ತರಗತಿಯನ್ನು ಬುಡದಿಂದ ಬದಲಾಯಿಸಿದರು. ಅದಕ್ಕೆ ನಲಿ-ಕಲಿ ಎಂಬ ಹೆಸರು ಬಂತು. ಮುಂದೆ ಅದು ರಾಜ್ಯದ ಎಲ್ಲ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೂ ಹೋಯಿತು. ಅದು ಹುಟ್ಟಿದಾಗ ಯಾರು ಯಾವ ಕೆಲಸ ಮಾಡಿದರು, ಹರಡಿದಾಗ ಏನು ಕಳೆದುಹೋಯಿತು ಅನ್ನುವುದನ್ನು ನೋಡಿದರೆ, ಶಾಲೆಯಲ್ಲಿ ನಾಯಕತ್ವ ಎಲ್ಲಿರುತ್ತದೆ ಅನ್ನುವುದು ಸಾಕಷ್ಟು ತಿಳಿಯುತ್ತದೆ.

ತಾಲ್ಲೂಕು ಮತ್ತು ಅಲ್ಲಿನ ಶಾಲೆಗಳು

ಎಚ್.ಡಿ. ಕೋಟೆ ಕಾಡಂಚಿನ ತಾಲ್ಲೂಕು. ಒಂದು ಕಡೆ ಕೇರಳದ ವಯನಾಡು, ಇನ್ನೊಂದು ಕಡೆ ಕೊಡಗು. ನಡುವೆ ನಾಗರಹೊಳೆ ಕಾಡು, ಕಬಿನಿ ಹಿನ್ನೀರು. ಜೇನು ಕುರುಬರು, ಕಾಡು ಕುರುಬರು, ಯರವರು ವಾಸಿಸುವ ಹಾಡಿಗಳು ಇಲ್ಲಿ ಬಹಳ ಇವೆ. ಅಣೆಕಟ್ಟಿಗಾಗಿ, ಅಭಯಾರಣ್ಯಕ್ಕಾಗಿ ನೆಲೆ ಕಳೆದುಕೊಂಡ ಕುಟುಂಬಗಳೂ ಇವೆ. ಕಾಫಿ ಕೊಯ್ಲಿನ ಕಾಲ ಬಂತೆಂದರೆ ಅಪ್ಪ ಅಮ್ಮ ಕೊಡಗಿನ ತೋಟಗಳಿಗೆ ಹೊರಡುತ್ತಾರೆ. ನೋಡಿಕೊಳ್ಳುವವರು ಇಲ್ಲದಿದ್ದರೆ ಮಕ್ಕಳೂ ಜೊತೆಗೇ ಹೋಗುತ್ತಾರೆ.

ಇಂಥ ಊರಿನ ಕಿರಿಯ ಪ್ರಾಥಮಿಕ ಶಾಲೆ ಹೇಗಿರುತ್ತಿತ್ತು? ಒಂದು ಕೋಣೆ, ಹೆಚ್ಚೆಂದರೆ ಎರಡು. ಒಬ್ಬರು ಅಥವಾ ಇಬ್ಬರು ಶಿಕ್ಷಕರು. ಒಂದರಿಂದ ನಾಲ್ಕನೇ ತರಗತಿಯ ಮಕ್ಕಳೆಲ್ಲ ಒಟ್ಟಿಗೆ. ಮೇಷ್ಟ್ರು ಮೂರನೇ ತರಗತಿಗೆ ಲೆಕ್ಕ ಹೇಳಿಕೊಡುವಾಗ ಒಂದನೇ ತರಗತಿಯವರು ಸುಮ್ನೆ ಕೂರಬೇಕು, ಇಲ್ಲವೇ ಬೋರ್ಡ್ ನೋಡಿ ಕಾಪಿ ಮಾಡಬೇಕು. ಪಠ್ಯಪುಸ್ತಕ ಮಾತ್ರ ಪ್ರತಿ ತರಗತಿಗೂ ಒಬ್ಬೊಬ್ಬ ಶಿಕ್ಷಕರು ಇದ್ದಾರೆ ಅಂದುಕೊಂಡು ಬರೆದದ್ದು.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ತೋಟಕ್ಕೆ ಹೋದ ಮಗು ತಿಂಗಳೋ ಎರಡು ತಿಂಗಳೋ ಬಿಟ್ಟು ವಾಪಸ್ ಬರುತ್ತದೆ. ಹೋಗುವಾಗ ಐದನೇ ಪಾಠ ನಡೆಯುತ್ತಿತ್ತು, ಬಂದಾಗ ಹನ್ನೊಂದನೇ ಪಾಠ. ನಡುವಿನದ್ದು ಅದಕ್ಕೆ ಸಿಗುವುದೇ ಇಲ್ಲ. ಒಂದಷ್ಟು ದಿನ ಏನೂ ಅರ್ಥವಾಗದೆ ಕೂರುತ್ತದೆ, ಆಮೇಲೆ ಬರುವುದನ್ನೇ ಬಿಡುತ್ತದೆ. ಹಾಡಿಯ ಮಗುವಿಗೆ ಮನೆಮಾತು ಬೇರೆ, ಪುಸ್ತಕದ ಕನ್ನಡ ಬೇರೆ. ಆ ಭಾರವೂ ಇದರ ಮೇಲೆ ಸೇರುತ್ತದೆ.

ಆ ಕಾಲದ ವ್ಯವಸ್ಥೆಗೆ ಇದು ಶಿಸ್ತಿನ ಸಮಸ್ಯೆಯಾಗಿ ಕಾಣುತ್ತಿತ್ತು. ಮೇಷ್ಟ್ರು ಸರಿಯಾಗಿ ಬರಲ್ಲ, ಪಾಠ ಮುಗಿಸಲ್ಲ ಅಂತ ಮೇಲಿನವರು. ಮಕ್ಕಳು ಬರಲ್ಲ, ಮನೆಯಲ್ಲಿ ಯಾರೂ ಓದಿಸಲ್ಲ ಅಂತ ಮೇಷ್ಟ್ರು. 1990ರ ದಶಕದ ಆರಂಭದಲ್ಲಿ ದೇಶದಾದ್ಯಂತ ಕನಿಷ್ಠ ಕಲಿಕಾ ಮಟ್ಟಗಳು ಎಂಬ ಪಟ್ಟಿ ಬಂದಿತ್ತು. ಯಾವ ತರಗತಿಯ ಮಗುವಿಗೆ ಏನು ಬರಬೇಕು ಎಂದು ಅದು ಹೇಳುತ್ತಿತ್ತು. ಒಬ್ಬ ಶಿಕ್ಷಕ ನಾಲ್ಕು ತರಗತಿಗಳಿಗೆ ಅದನ್ನು ತಲುಪಿಸುವುದು ಹೇಗೆ ಎಂಬುದಕ್ಕೆ ಪಟ್ಟಿಯಲ್ಲಿ ಉತ್ತರ ಇರಲಿಲ್ಲ.

ಹೋಗಿ ನೋಡಿ ಬಂದವರು

1995ರಲ್ಲಿ ಯುನಿಸೆಫ್ ನೆರವಿನಿಂದ ಈ ತಾಲ್ಲೂಕಿನ ಶಿಕ್ಷಕರ ಒಂದು ಚಿಕ್ಕ ತಂಡ ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಯಿತು. ತತ್ವಚಿಂತಕ ಜಿಡ್ಡು ಕೃಷ್ಣಮೂರ್ತಿಯವರ ಹೆಸರಿನ ಜೊತೆ ಬರುವ ಆ ದೊಡ್ಡ ವಸತಿ ಶಾಲೆಯನ್ನು ನೋಡಲು ಅವರು ಹೋದದ್ದಲ್ಲ. ಅದರ ಸುತ್ತಲಿನ ಹಳ್ಳಿಗಳಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ನಡೆಸುತ್ತಿದ್ದ ಪುಟ್ಟ ಶಾಲೆಗಳನ್ನು ನೋಡಲು ಹೋದರು. ಒಂದೇ ಕೋಣೆ, ಒಬ್ಬರೇ ಶಿಕ್ಷಕರು, ಬೇರೆ ಬೇರೆ ವಯಸ್ಸಿನ ಮಕ್ಕಳು. ಅಂದರೆ ಕೋಟೆಯ ಶಾಲೆಗಳ ಹಾಗೇ. ಆದರೆ ಅಲ್ಲಿ ಯಾವ ಮಗುವೂ ಸುಮ್ನೆ ಕೂತಿರಲಿಲ್ಲ. ಪ್ರತಿ ಮಗುವಿನ ಕೈಯಲ್ಲೂ ಒಂದು ಕಾರ್ಡು, ಮುಂದೆ ಒಂದು ಕೆಲಸ.

ಈ ವಿಚಾರಕ್ಕೆ ಕರ್ನಾಟಕದ ನಂಟೂ ಇದೆ. ಡೇವಿಡ್ ಹಾರ್ಸ್‌ಬರೋ ಎಂಬ ಇಂಗ್ಲೆಂಡಿನ ಶಿಕ್ಷಕರು 1972ರಲ್ಲಿ ಕೋಲಾರ ಜಿಲ್ಲೆಯ ರಾಯಲ್ಪಾಡು ಬಳಿ ನೀಲ್‌ಬಾಗ್ ಎಂಬ ಶಾಲೆ ಕಟ್ಟಿದ್ದರು. ಹಳ್ಳಿ ಮಕ್ಕಳಿಗಾಗಿ ಇದ್ದ ಆ ಶಾಲೆಯಲ್ಲಿ ತರಗತಿ ಎಂಬ ಗೋಡೆ ಇರಲಿಲ್ಲ, ಪರೀಕ್ಷೆ ಇರಲಿಲ್ಲ, ಹೊಡೆತ ಇರಲಿಲ್ಲ. ರಾವ್ ದಂಪತಿ ಕೆಲಸ ಕಲಿತದ್ದು ಅಲ್ಲಿನ ಹಿನ್ನೆಲೆಯಲ್ಲಿ. ಕೋಲಾರದಲ್ಲಿ ಚಿಗುರಿದ್ದು ಗಡಿ ದಾಟಿ ತೆಲುಗಿನಲ್ಲಿ ಬೆಳೆಯಿತು, ಮತ್ತೆ ಮೈಸೂರಿನ ಕಾಡಂಚಿಗೆ ಕನ್ನಡದಲ್ಲಿ ಬಂತು.

ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುವು ಈ ಪ್ರಯಾಣದಲ್ಲೇ ಇದೆ. ಸಾಮಾನ್ಯವಾಗಿ ಹೊಸ ಪದ್ಧತಿ ಬಂದಾಗ ಏನಾಗುತ್ತದೆ? ಬೆಂಗಳೂರಲ್ಲಿ ಒಂದು ಕೈಪಿಡಿ ಬರೆಯುತ್ತಾರೆ. ಜಿಲ್ಲೆಗೊಬ್ಬ ಸಂಪನ್ಮೂಲ ವ್ಯಕ್ತಿಯನ್ನು ಕರೆದು ಹೇಳುತ್ತಾರೆ. ಅವರು ತಾಲ್ಲೂಕಿನವರಿಗೆ, ತಾಲ್ಲೂಕಿನವರು ಶಿಕ್ಷಕರಿಗೆ ಹೇಳುತ್ತಾರೆ. ಕೊನೆಗೆ ಶಿಕ್ಷಕರ ಕೈಗೆ ಬರುವುದು ಒಂದು ಝೆರಾಕ್ಸ್ ಪ್ರತಿ. ಇಲ್ಲಿ ಮಕ್ಕಳ ಎದುರು ನಿಲ್ಲುವವರನ್ನೇ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಕಳಿಸಿದರು. ಅವರು ಕಣ್ಣಾರೆ ನೋಡಿದರು. "ನಮ್ಮಲ್ಲಿ ಇದು ಆಗಲ್ಲ ಸಾರ್" ಎಂಬ ಮಾತಿಗೆ ಇರುವ ಒಂದೇ ಮದ್ದು, ತಮ್ಮ ಹಾಗೇ ಇರುವ ಕೋಣೆಯೊಂದರಲ್ಲಿ ಅದು ಆಗುತ್ತಿರುವುದನ್ನು ನೋಡುವುದು. ನೂರು ಭಾಷಣ ಮಾಡಿದರೂ ಅದು ಬರುವುದಿಲ್ಲ.

ಎಂಟು ವರ್ಷಗಳ ನಂತರ ಪಕ್ಕದ ತಮಿಳುನಾಡಿನಲ್ಲೂ ಹೀಗೇ ಆಯಿತು. ಚೆನ್ನೈ ಪಾಲಿಕೆಯ ಆಯುಕ್ತರಾಗಿದ್ದ ಎಂ.ಪಿ. ವಿಜಯಕುಮಾರ್ ಶಿಕ್ಷಕರನ್ನು ಅದೇ ರಿಷಿ ವ್ಯಾಲಿಗೆ ಕಳಿಸಿ, 2003ರಲ್ಲಿ 13 ಪಾಲಿಕೆ ಶಾಲೆಗಳಲ್ಲಿ ಶುರು ಮಾಡಿದರು. ಅಲ್ಲೂ ಮೊದಲ ಹೆಜ್ಜೆ ಶಿಕ್ಷಕರು ಹೋಗಿ ನೋಡಿದ್ದೇ.

ಕಾರ್ಡು, ಏಣಿ, ತಟ್ಟೆ

ವಾಪಸ್ ಬಂದ ಶಿಕ್ಷಕರು ರಿಷಿ ವ್ಯಾಲಿಯ ಸಾಮಗ್ರಿಯನ್ನು ತೆಲುಗಿನಿಂದ ಕನ್ನಡಕ್ಕೆ ಇಳಿಸಿ ಸುಮ್ಮನಾಗಲಿಲ್ಲ. ಕರ್ನಾಟಕದ ಪಠ್ಯಕ್ರಮ ಬಿಡಿಸಿಕೊಂಡು ಕೂತರು. ಒಂದೊಂದು ಸಾಮರ್ಥ್ಯವನ್ನೂ ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದರು. ಮೆಟ್ಟಿಲಿಗೊಂದು ಕಾರ್ಡು ಬರೆದರು, ಹಾಡು ಕಟ್ಟಿದರು, ಆಟ ಸೇರಿಸಿದರು. ತರಗತಿಯಲ್ಲಿ ಬಳಸಿ ನೋಡಿದರು, ಸರಿಹೋಗದ್ದನ್ನು ತೆಗೆದರು.

ನಲಿ-ಕಲಿ ಕೋಣೆಯನ್ನು ನೋಡದವರಿಗಾಗಿ ಅದು ನಡೆಯುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಯಾಕೆಂದರೆ ನಾಯಕತ್ವದ ಪ್ರಶ್ನೆ ಈ ವಿವರಗಳ ಒಳಗೇ ಇದೆ.

ಗೋಡೆಯ ಮೇಲೆ ಒಂದು ಕಲಿಕಾ ಏಣಿ ಇರುತ್ತದೆ. ಅದರಲ್ಲಿ ಮೈಲಿಗಲ್ಲುಗಳು, ಪ್ರತಿ ಮೈಲಿಗಲ್ಲಿನಲ್ಲಿ ಹಲವು ಮೆಟ್ಟಿಲುಗಳು. ಪ್ರತಿ ಮೆಟ್ಟಿಲಿಗೂ ಚಿತ್ರದ ಗುರುತು, ಅದೇ ಗುರುತು ಕಾರ್ಡಿನ ಮೇಲೂ ಇರುತ್ತದೆ. ಓದಲು ಬಾರದ ಮಗುವೂ ಗುರುತು ನೋಡಿ ತನ್ನ ಕಾರ್ಡನ್ನು ತಾನೇ ಟ್ರೇಯಿಂದ ತೆಗೆದುಕೊಳ್ಳಬಹುದು. ಮಕ್ಕಳು ನೆಲದ ಮೇಲೆ ಗುಂಪುಗಳಾಗಿ ಕೂರುತ್ತಾರೆ. ಈ ಗುಂಪುಗಳಿಗೆ ಶಿಕ್ಷಕರು ತಟ್ಟೆ ಅನ್ನುತ್ತಾರೆ. ಹೊಸದನ್ನು ಕಲಿಯುವ ಮಗು ಪೂರ್ತಿ ಶಿಕ್ಷಕರ ಸಹಾಯದ ತಟ್ಟೆಯಲ್ಲಿ. ಸ್ವಲ್ಪ ಬಂದ ಮಗು ಅರ್ಧ ಸಹಾಯದ ತಟ್ಟೆಯಲ್ಲಿ. ಇನ್ನೂ ಸ್ವಲ್ಪ ಬಂದ ಮೇಲೆ ಸಹಪಾಠಿಯ ಜೊತೆ, ಆಮೇಲೆ ತಾನೇ ಸ್ವಂತವಾಗಿ. ಹಾಗಾಗಿ ಶಿಕ್ಷಕರ ಪೂರ್ತಿ ಗಮನ ಬೇಕಾದ ಮಕ್ಕಳು ಯಾವುದೇ ಹೊತ್ತಿನಲ್ಲಿ ಕೆಲವರೇ ಇರುತ್ತಾರೆ. ಕೋಣೆಗೆ ಅಡ್ಡಡ್ಡ ಕಟ್ಟಿದ ದಾರಗಳೇ ಚಪ್ಪರ. ಮಕ್ಕಳು ಬರೆದದ್ದು, ಕತ್ತರಿಸಿದ್ದು ಎಲ್ಲ ಅಲ್ಲಿ ತೂಗುತ್ತದೆ. ಗೋಡೆಯ ಕೆಳಭಾಗದ ಕಪ್ಪು ಹಲಗೆ ಮಕ್ಕಳದ್ದು. ಯಾರು ಎಲ್ಲಿದ್ದಾರೆ ಅನ್ನುವುದನ್ನು ಪ್ರಗತಿ ನೋಟ ತೋರಿಸುತ್ತದೆ.

ಅಕ್ಷರ ಕಲಿಸುವ ಕ್ರಮವೂ ಬದಲಾಯಿತು. ಅ ಆ ಇ ಈ ಎಂದು ಇಡೀ ವರ್ಣಮಾಲೆಯನ್ನು ರಾಗವಾಗಿ ಒಪ್ಪಿಸುವ ಮಗುವಿಗೆ ನಡುವಿನಿಂದ ಒಂದು ಅಕ್ಷರ ತೋರಿಸಿದರೆ ತಡಬಡಾಯಿಸುತ್ತದೆ. ಕಲಿಸಿದವರಿಗೆಲ್ಲ ಇದು ಗೊತ್ತು. ನಲಿ-ಕಲಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಬರೆಯಲು ಸುಲಭವಾದ, ಒಂದಕ್ಕೊಂದು ಹೋಲುವ ರೂಪಗಳು. ಈ ಐದೇ ಅಕ್ಷರ ಬಂದರೆ ಸರ, ಅರಸ, ಅಗಸ, ಗರಗಸ ಓದಬಹುದು. ಮುಂದಿನ ಗುಂಪಿನ ಜ, ವ, ಮ, ಬ, ನ ಸೇರಿದರೆ ಮರ, ಜನ, ನಗರ, ಬಸವ, ಅವಸರ. ಕಾಗುಣಿತಕ್ಕೆ ಕಾಯದೆ, ಶಾಲೆಗೆ ಸೇರಿದ ಕೆಲವೇ ವಾರಗಳಲ್ಲಿ ಮಗು ನಿಜವಾದ ಪದಗಳನ್ನು ಓದುತ್ತದೆ. ಓದಲು ಬಂತು ಅನ್ನುವ ಖುಷಿ ಮಗುವಿಗೂ ಸಿಗುತ್ತದೆ, ಟೀಚರಿಗೂ ಸಿಗುತ್ತದೆ.

ಈಗ ಆ ಕಾಫಿ ತೋಟಕ್ಕೆ ಹೋದ ಮಗುವನ್ನು ನೆನಪಿಸಿಕೊಳ್ಳಿ. ಹೋಗುವಾಗ ಅದು ನಾಲ್ಕನೇ ಮೈಲಿಗಲ್ಲಿನ ಮೂರನೇ ಮೆಟ್ಟಿಲಲ್ಲಿ ಇತ್ತು. ಬಂದಾಗಲೂ ಅಲ್ಲೇ ಇದೆ. ತನ್ನ ಕಾರ್ಡು ತೆಗೆದುಕೊಂಡು ಮುಂದುವರಿಯುತ್ತದೆ. ಯಾರೂ ಅದನ್ನು ಬಿಟ್ಟು ಹೋಗಿಲ್ಲ, ಫೇಲಾದ ಅವಮಾನವೂ ಇಲ್ಲ. ತಾಲ್ಲೂಕಿನ ಅತಿ ದೊಡ್ಡ ತೊಂದರೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಬೇರೆಲ್ಲೂ ಕಂಡಿಲ್ಲ. ಈ ಪದ್ಧತಿ ಕೋಟೆಗೆ ಎಷ್ಟು ಹೊಂದುತ್ತದೆ ಎಂದು ಗುರುತಿಸಬಲ್ಲವರೆಂದರೆ, ಯಾವ ಮಗು ಯಾವ ತಿಂಗಳಲ್ಲಿ ಮಾಯವಾಗುತ್ತದೆ ಎಂದು ಹೆಸರು ಹಿಡಿದು ಹೇಳಬಲ್ಲ ಅಲ್ಲಿನ ಶಿಕ್ಷಕರೇ.

ಮೇಲಿನವರು ಮಾಡಿದ್ದು, ಮಾಡದೇ ಬಿಟ್ಟದ್ದು

ನಲಿ-ಕಲಿಯ ಜೊತೆ ತಪ್ಪದೆ ಬರುವ ಹೆಸರು ಅನಿತಾ ಕೌಲ್ ಅವರದು. ಕರ್ನಾಟಕ ಕೇಡರಿನ ಐಎಎಸ್ ಅಧಿಕಾರಿ, 2016ರಲ್ಲಿ ತೀರಿಕೊಂಡರು. ಈ ಪ್ರಯೋಗಕ್ಕೆ ಸರ್ಕಾರದ ಒಳಗಿನಿಂದ ಬೆನ್ನೆಲುಬಾಗಿ ನಿಂತವರು ಅವರು. ಮುಂದೆ ಕೇಂದ್ರ ಸರ್ಕಾರಕ್ಕೆ ಹೋಗಿ ಶಿಕ್ಷಣ ಹಕ್ಕು ಕಾಯ್ದೆಯ ಕೆಲಸದಲ್ಲಿ ಮುಂಚೂಣಿಯಲ್ಲಿ ಇದ್ದರು. ಚಟುವಟಿಕೆ, ಶೋಧನೆ, ಅನ್ವೇಷಣೆಯ ಮೂಲಕ ಮಕ್ಕಳಸ್ನೇಹಿಯಾಗಿ ಕಲಿಸಬೇಕು ಎಂಬ ಮಾತು ಆ ಕಾಯ್ದೆಯ 29ನೇ ಸೆಕ್ಷನ್ನಿನಲ್ಲಿದೆ. ಅದನ್ನು ಓದುವಾಗ ನನಗೆ ಕೋಟೆಯ ಕೋಣೆಗಳೇ ನೆನಪಾಗುತ್ತವೆ.

ಅವರನ್ನು ಹೊಗಳುವವರು ಅವರ ಛಲವನ್ನು, ಉತ್ಸಾಹವನ್ನು ಹೇಳುತ್ತಾರೆ. ಈ ಪ್ರಕರಣದಲ್ಲಿ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಸರ್ಕಾರ ತಡೆದುಕೊಂಡದ್ದು. ಪುಸ್ತಕ ಪಕ್ಕಕ್ಕಿಟ್ಟು ಬೇರೆ ಸಾಮಗ್ರಿ ಬರೆಯುವ ಕೆಲಸವನ್ನು ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಬಿಟ್ಟುಕೊಡುವುದು ಇಲಾಖೆಯಲ್ಲಿ ಸಣ್ಣ ವಿಷಯ ಅಲ್ಲವೇ ಅಲ್ಲ. ಪಠ್ಯ ಬರೆಯುವವರು ಒಂದು ಕಡೆ, ಪಾಠ ಮಾಡುವವರು ಇನ್ನೊಂದು ಕಡೆ ಎಂಬ ಗೆರೆ ಅಲ್ಲಿ ಅಷ್ಟು ಗಟ್ಟಿ. ಆ ಗೆರೆಯನ್ನು ಅಳಿಸಲು ಅಧಿಕಾರ ಇದ್ದವರು ಬೇಕಿತ್ತು. ಅಳಿಸಿದ ಮೇಲೆ ಅಧಿಕಾರಿಗಳು ಹಿಂದೆ ಸರಿಯಬೇಕಿತ್ತು. ಇಲ್ಲಿ ಎರಡೂ ಆಯಿತು.

ಇನ್ನೊಂದು ಸಂಗತಿಯನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ನಲಿ-ಕಲಿ ಬಂದ ಕೂಡಲೇ ತಪಾಸಣೆಯ ಅರ್ಥವೇ ಬದಲಾಗಬೇಕಾಗುತ್ತದೆ. ಹಿಂದೆ ಇನ್‌ಸ್ಪೆಕ್ಟರ್ ಬಂದರೆ ಕೇಳುತ್ತಿದ್ದದ್ದು "ಎಷ್ಟನೇ ಪಾಠ ನಡೀತಿದೆ? ಪೋರ್ಷನ್ ಎಲ್ಲಿವರೆಗೆ ಆಯ್ತು?" ಮೂವತ್ತು ಮಕ್ಕಳು ಮೂವತ್ತು ಮೆಟ್ಟಿಲಲ್ಲಿ ಇರುವ ಕೋಣೆಯಲ್ಲಿ ಈ ಪ್ರಶ್ನೆಗೆ ಉತ್ತರವೇ ಇಲ್ಲ. ಬಂದವರು ನೆಲದ ಮೇಲೆ ಕೂರಬೇಕು. ಪ್ರಗತಿ ನೋಟ ನೋಡಬೇಕು. ಒಂದು ಮಗುವನ್ನು ಹತ್ತಿರ ಕರೆದು "ನಿನ್ನ ಕಾರ್ಡು ಓದಿ ಹೇಳು ಪುಟ್ಟಾ" ಅನ್ನಬೇಕು. ಅಧಿಕಾರಿ ಕುರ್ಚಿ ಬಿಟ್ಟು ಏಳದಿದ್ದರೆ ಶಿಕ್ಷಕರು ಹಳೆಯ ದಾರಿಗೇ ವಾಪಸ್ ಹೋಗುತ್ತಾರೆ. ಅದು ಅವರ ತಪ್ಪೂ ಅಲ್ಲ. ಹೊಸದಾಗಿ ಕಲಿಸಿ ಎಂದು ಹೇಳಿ ಹಳೆಯ ಪ್ರಶ್ನೆಯನ್ನೇ ಕೇಳುವವರ ಎದುರು ಯಾರು ಎಷ್ಟು ದಿನ ನಿಲ್ಲುತ್ತಾರೆ?

ಸಂಶೋಧನೆಯೂ ಇದೇ ದಿಕ್ಕಿಗೆ ಕೈ ತೋರಿಸುತ್ತದೆ. ನ್ಯೂಜಿಲೆಂಡಿನ ವಿವಿಯನ್ ರಾಬಿನ್ಸನ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟು ಹಾಕಿ 2008ರಲ್ಲಿ ಒಂದು ವಿಶ್ಲೇಷಣೆ ಪ್ರಕಟಿಸಿದರು. ಶಾಲಾ ನಾಯಕರು ಮಾಡುವ ಐದು ಬಗೆಯ ಕೆಲಸಗಳಲ್ಲಿ ಮಕ್ಕಳ ಕಲಿಕೆಯ ಮೇಲೆ ಯಾವುದರ ಪರಿಣಾಮ ಎಷ್ಟು ಎಂದು ಅಳೆದರು. ಅಂಕಿ ದೊಡ್ಡದಾದಷ್ಟೂ ಪರಿಣಾಮ ಹೆಚ್ಚು. ಶಿಸ್ತಿನ, ನೆಮ್ಮದಿಯ ವಾತಾವರಣಕ್ಕೆ 0.27. ಸಂಪನ್ಮೂಲ ಒದಗಿಸುವುದಕ್ಕೆ 0.31. ಗುರಿ ಇಡುವುದಕ್ಕೂ, ಪಾಠಕ್ರಮದ ಯೋಜನೆ ಮತ್ತು ಮೌಲ್ಯಮಾಪನಕ್ಕೂ 0.42. ಶಿಕ್ಷಕರ ಕಲಿಕೆಯನ್ನು ಬೆಳೆಸಿ, ಅದರಲ್ಲಿ ತಾವೂ ಪಾಲ್ಗೊಳ್ಳುವುದಕ್ಕೆ 0.84. ಈ ಕೊನೆಯ ಅಂಕಿ ಕೆಲವೇ ಅಧ್ಯಯನಗಳ ಮೇಲೆ ನಿಂತದ್ದು, ಹಾಗಾಗಿ ಅದನ್ನೇ ವೇದವಾಕ್ಯ ಅನ್ನಲಾಗದು. ಆದರೂ ಅಂತರ ಚಿಕ್ಕದಲ್ಲ. ಕಾಂಪೌಂಡು, ಕಂಪ್ಯೂಟರಿನ ಕಥೆಗಳು ಹೆಚ್ಚಾಗಿ ಮೊದಲ ಎರಡು ಸಾಲಿಗೆ ಸೇರುತ್ತವೆ. ಕೋಟೆಯಲ್ಲಿ ಆದದ್ದು ಕೊನೆಯ ಸಾಲಿನದು.

ಹಾಗಾದರೆ ಆ ಶಾಲೆಗಳ ಮುಖ್ಯ ಶಿಕ್ಷಕರು ಎಲ್ಲಿದ್ದರು? ಇಲ್ಲಿ ನಮ್ಮ ಕಿರಿಯ ಪ್ರಾಥಮಿಕ ಶಾಲೆಗಳ ವಾಸ್ತವ ನೆನಪಿರಬೇಕು. ಹೊರದೇಶದ ನಾಯಕತ್ವದ ಪುಸ್ತಕಗಳಲ್ಲಿ ಹೆಡ್‌ಮಾಸ್ಟರಿಗೆ ಪ್ರತ್ಯೇಕ ಕೋಣೆ, ಗುಮಾಸ್ತರು, ಹತ್ತಾರು ಶಿಕ್ಷಕರು ಇರುತ್ತಾರೆ. ನಮ್ಮ ಎರಡು ಶಿಕ್ಷಕರ ಶಾಲೆಯಲ್ಲಿ ಎಚ್‌ಎಂ ಅಂದರೆ ಪಾಠ ಮಾಡುತ್ತಲೇ ಬೀಗದ ಕೈ, ಹಾಜರಾತಿ ಪುಸ್ತಕ, ಲೆಕ್ಕಪತ್ರ ನೋಡಿಕೊಳ್ಳುವವರು. ಎಷ್ಟೋ ಕಡೆ ಅವರು ಪ್ರಭಾರಿ. ನಲಿ-ಕಲಿ ತಟ್ಟೆಯ ನಡುವೆ ಕೂತವರೂ ಅವರೇ, ಶಾಲೆ ನಡೆಸುವವರೂ ಅವರೇ. ಅದಕ್ಕೇ ಕೋಟೆಯಲ್ಲಿ ಶಿಕ್ಷಕರು ಬೇರೆ, ನಾಯಕರು ಬೇರೆ ಎಂದು ಗೆರೆ ಎಳೆಯಲು ಆಗುವುದಿಲ್ಲ.

ಅವರ ಮೇಲೆ ಬಿದ್ದ ಇನ್ನೊಂದು ಕೆಲಸ ಅಪ್ಪ ಅಮ್ಮಂದಿರನ್ನು ಒಪ್ಪಿಸುವುದು. ಬ್ಯಾಗಿನಲ್ಲಿ ಪುಸ್ತಕ ಇಲ್ಲ, ಹೋಂವರ್ಕ್ ಇಲ್ಲ, ಹೊರಗಿನಿಂದ ಕೇಳಿದರೆ ಹಾಡಿನ ಸದ್ದು. "ಏನ್ ಮೇಷ್ಟ್ರೇ, ಬರೀ ಆಟ ಆಡಿಸ್ತೀರಲ್ಲ, ಓದ್ಸೋದ್ ಯಾವಾಗ?" ನಲಿ-ಕಲಿ ಕಲಿಸಿದ ಯಾವ ಶಿಕ್ಷಕರೂ ಈ ಪ್ರಶ್ನೆ ಕೇಳದೆ ಇರಲಿಕ್ಕಿಲ್ಲ. ಇದಕ್ಕೆ ಉತ್ತರ ಮಗುವಿನ ಬಾಯಿಂದಲೇ ಬರಬೇಕು. ಅಪ್ಪನನ್ನು ಒಳಗೆ ಕರೆದು, ಮಗಳು ಅವನ ಎದುರೇ ಒಂದು ಕಾರ್ಡು ಓದಬೇಕು. ಹೀಗೆ ಬಾಗಿಲು ತೆರೆದಿಟ್ಟ ಶಾಲೆಗಳಿಗೆ ಊರಿನ ಬೆಂಬಲ ಸಿಗುತ್ತದೆ. 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಅಂದರೆ ಎಸ್‌ಡಿಎಂಸಿಗಳು ಬಂದ ಮೇಲೆ ಆ ಮಾತುಕತೆಗೆ ಒಂದು ಜಾಗವೂ ಆಯಿತು.

ಸುತ್ತೋಲೆ ಬಂದ ಮೇಲೆ

ಕೋಟೆಯ ಕೆಲಸ ಮೊದಲು ತಾಲ್ಲೂಕಿನ ಉಳಿದ ಶಾಲೆಗಳಿಗೆ ಹಬ್ಬಿತು, ಆಮೇಲೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ (ಡಿಪಿಇಪಿ) ಕಾಲದಲ್ಲಿ ಬೇರೆ ಜಿಲ್ಲೆಗಳಿಗೆ. 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ 1 ಮತ್ತು 2ನೇ ತರಗತಿಗೆ, ಮರುವರ್ಷ 3ನೇ ತರಗತಿಗೆ ಬಂತು.

ಇಷ್ಟು ದೊಡ್ಡ ಹೆಜ್ಜೆಗೆ ಕಾರಣ ಇತ್ತು, ಒಳ್ಳೆಯ ಉದ್ದೇಶವೂ ಇತ್ತು. ಒಂದು ತಾಲ್ಲೂಕಿನ ಮಕ್ಕಳಿಗೆ ಸಿಕ್ಕದ್ದು ಬೀದರ್, ರಾಯಚೂರಿನ ಮಕ್ಕಳಿಗೆ ಯಾಕೆ ಸಿಗಬಾರದು? ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಆ ಹೆಜ್ಜೆಯಲ್ಲಿ ಕಾರ್ಡುಗಳು ಹೋದವು, ಕಾರ್ಡು ಮಾಡಿದ ಅನುಭವ ಹೋಗಲಿಲ್ಲ. ಕೋಟೆಯ ಶಿಕ್ಷಕರಿಗೆ ಪ್ರತಿ ಕಾರ್ಡಿನ ಹಿಂದಿನ ಜಗಳ ಗೊತ್ತಿತ್ತು. ಈ ಹಾಡು ಯಾಕೆ, ಈ ಪದ ಯಾಕೆ, ಇದು ಮೊದಲಾ ಅದು ಮೊದಲಾ. ಹೊಸದಾಗಿ ಕಿಟ್ ಬಂದ ಶಾಲೆಯ ಶಿಕ್ಷಕರಿಗೆ ಅದು ಮೇಲಿನಿಂದ ಇಳಿದ ಇನ್ನೊಂದು ಪಠ್ಯಪುಸ್ತಕ, ಬಿಡಿ ಹಾಳೆಗಳಲ್ಲಿ ಬಂದದ್ದು ಅಷ್ಟೇ. ಬಿತ್ತನೆ ಬೀಜ ಹಂಚಿ, ಉಳುಮೆ ಹೇಗೆ ಅಂತ ಚೀಟಿ ಬರೆದುಕೊಟ್ಟ ಹಾಗಾಯಿತು.

ಮುಂದಿನ ವರ್ಷಗಳಲ್ಲಿ ಕೇಳಿಬಂದ ದೂರುಗಳನ್ನು ನೋಡಿ. ಕಾರ್ಡು ಜಾಸ್ತಿ, ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ದಾಖಲೆ ತುಂಬುವ ಕೆಲಸ ಜಾಸ್ತಿ. ಹರಿದ ಕಾರ್ಡಿಗೆ ಬದಲಿ ಬರುವುದಿಲ್ಲ. ನಾಲ್ಕನೇ ತರಗತಿಗೆ ಹೋದ ಕೂಡಲೇ ಮಗು ಬೆಂಚು, ಪುಸ್ತಕ, ಪರೀಕ್ಷೆಯ ಲೋಕಕ್ಕೆ ಬಿದ್ದು ಕಂಗಾಲಾಗುತ್ತದೆ. ನಲಿ-ಕಲಿಯಿಂದ ಮಕ್ಕಳಿಗೆ ಓದಲು ಬರುತ್ತಿಲ್ಲ, ಇದು ಬೇಡವೇ ಬೇಡ ಎಂದು ಶಿಕ್ಷಕರೇ ಹೇಳಿದ್ದನ್ನೂ ಕೇಳಿದ್ದೇವೆ.

ಈ ದೂರುಗಳಲ್ಲಿ ಹಲವು ನಿಜ. ಆದರೆ ಅವು ಪದ್ಧತಿಯ ಮೇಲಿನ ದೂರು ಎಷ್ಟು, ಅದು ಬಂದ ರೀತಿಯ ಮೇಲಿನ ದೂರು ಎಷ್ಟು ಅಂತ ಬಿಡಿಸಿ ನೋಡಬೇಕು. ಕಾರ್ಡು ಜಾಸ್ತಿ ಅನಿಸಿದರೆ ಕೋಟೆಯ ಶಿಕ್ಷಕರು ಕಡಿಮೆ ಮಾಡುತ್ತಿದ್ದರು. ಹರಿದರೆ ಹೊಸದು ಬರೆಯುತ್ತಿದ್ದರು. ಕಲಬುರಗಿ ಕಡೆಯ ಮಗುವಿಗೆ ಮೈಸೂರು ಸೀಮೆಯ ಪದ ಅರ್ಥವಾಗದಿದ್ದರೆ ಬದಲಾಯಿಸಬಹುದು ಎಂಬ ಧೈರ್ಯ ಅಲ್ಲಿನ ಟೀಚರಿಗೆ ಇರಬೇಕಿತ್ತು. ಆ ಧೈರ್ಯ ಸುತ್ತೋಲೆಯಿಂದ ಬರುವುದಿಲ್ಲ. ಬದಲಾಯಿಸಿದರೆ ಯಾರು ಏನಂತಾರೋ ಎಂಬ ಭಯವೇ ಸುತ್ತೋಲೆಯಿಂದ ಬರುವುದು.

ನಾಲ್ಕನೇ ತರಗತಿಯ ದೂರು ಮಾತ್ರ ಬೇರೆ ತರಹದ್ದು, ಅದು ಗಂಭೀರವಾದದ್ದು. ಮೂರು ವರ್ಷ ತನ್ನ ವೇಗದಲ್ಲಿ ನಡೆದ ಮಗುವನ್ನು ಒಂದೇ ದಿನ ಎಲ್ಲರ ಸಾಲಿಗೆ ನಿಲ್ಲಿಸುವುದು ಯಾವ ನ್ಯಾಯ? ಇದನ್ನು ಒಬ್ಬ ನಲಿ-ಕಲಿ ಶಿಕ್ಷಕಿ ಸರಿ ಮಾಡಲು ಆಗುವುದಿಲ್ಲ. ನಾಲ್ಕನೇ ತರಗತಿಯ ಶಿಕ್ಷಕರನ್ನೂ ಅವರನ್ನೂ ಒಟ್ಟಿಗೆ ಕೂರಿಸುವವರು ಒಬ್ಬರು ಬೇಕು. ಅದು ಮುಖ್ಯ ಶಿಕ್ಷಕರ ಕೆಲಸ.

ಈಗ ಮುಖ್ಯ ಶಿಕ್ಷಕರ ಕೈಯಲ್ಲಿ

ಪದ್ಧತಿ ಒಂದೇ, ಸಾಮಗ್ರಿ ಒಂದೇ, ತರಬೇತಿ ಒಂದೇ. ಆದರೂ ಶಾಲೆಯಿಂದ ಶಾಲೆಗೆ ನಲಿ-ಕಲಿ ಕೋಣೆಗಳಲ್ಲಿ ಅಜಗಜಾಂತರ ಇರುತ್ತದೆ. ಒಂದು ಕಡೆ ಕಾರ್ಡುಗಳ ಅಂಚು ಸವೆದಿರುತ್ತದೆ, ಪ್ರಗತಿ ನೋಟದಲ್ಲಿ ನಿನ್ನೆಯ ಗುರುತು ಇರುತ್ತದೆ, ಚಪ್ಪರದಲ್ಲಿ ಈ ವಾರದ ಚಿತ್ರಗಳು ತೂಗುತ್ತವೆ. ಇನ್ನೊಂದು ಕಡೆ ಕಾರ್ಡುಗಳು ಬೀರುವಿನಲ್ಲಿ ಹೊಸದಾಗೇ ಇರುತ್ತವೆ, ಏಣಿ ಗೋಡೆಯ ಅಲಂಕಾರ ಆಗಿರುತ್ತದೆ. ಈ ವ್ಯತ್ಯಾಸಕ್ಕೆ ಶಿಕ್ಷಕರ ಶ್ರದ್ಧೆ ಒಂದು ಕಾರಣ. ಆದರೆ ಅವರ ಬೆನ್ನಿಗೆ ಎಚ್‌ಎಂ ಹೇಗೆ ನಿಂತಿದ್ದಾರೆ ಅನ್ನುವುದು ಅಷ್ಟೇ ದೊಡ್ಡ ಕಾರಣ ಅಂತ ನಾನು ನಂಬಿದ್ದೇನೆ.

ನಿಲ್ಲುವುದು ಅಂದರೆ ತೀರಾ ಸಾಮಾನ್ಯ ಕೆಲಸಗಳೇ. ನಲಿ-ಕಲಿ ಶಿಕ್ಷಕಿಯನ್ನು ದಿನಕ್ಕೆ ಮೂರು ಸಲ ಬಿಸಿಯೂಟದ ಲೆಕ್ಕಕ್ಕೆ, ಆನ್‌ಲೈನ್ ಮಾಹಿತಿ ತುಂಬುವುದಕ್ಕೆ ಎಬ್ಬಿಸದೆ ಇರುವುದು. ಅವರು ಎದ್ದು ಹೋದರೆ ಪೂರ್ತಿ ಸಹಾಯದ ತಟ್ಟೆಯ ಮಕ್ಕಳು ಅಲ್ಲಿಗೇ ನಿಂತುಬಿಡುತ್ತಾರೆ. ಯಾರಾದರೂ ರಜೆ ಹಾಕಿದ ದಿನ "ಆ ಮಕ್ಕಳು ಹೇಗೂ ಆಟ ಆಡ್ತಾರೆ" ಎಂದು ನಲಿ-ಕಲಿ ಕೋಣೆಗೆ ಇನ್ನೆರಡು ತರಗತಿ ತುಂಬದೆ ಇರುವುದು. ಶಾಲಾ ಅನುದಾನದಲ್ಲಿ ಒಂದಿಷ್ಟು ಹಣವನ್ನು ರಟ್ಟು, ಸ್ಕೆಚ್ ಪೆನ್ನು, ಬಿಳಿ ಹಾಳೆಗೆ ಇಡುವುದು, "ಟೀಚರ್, ಬೇಕಾದ ಕಾರ್ಡು ನೀವೇ ಮಾಡ್ಕೊಳ್ಳಿ, ಯಾರಾದ್ರೂ ಕೇಳಿದ್ರೆ ನಾನಿದ್ದೀನಿ" ಅನ್ನುವುದು. ಕೋಟೆಯಲ್ಲಿ ಐಎಎಸ್ ಅಧಿಕಾರಿಯ ಮಟ್ಟದಲ್ಲಿ ಸಿಕ್ಕ ರಕ್ಷಣೆ ಈ ಒಂದು ಮಾತಿನಲ್ಲಿದೆ.

ಮತ್ತೆ, ತಾವೂ ಹೋಗಿ ಕೂರುವುದು. ವಾರದಲ್ಲಿ ಒಂದು ಪೀರಿಯಡ್ ಸಾಕು. ತಪಾಸಣೆಗೆ ಬೇಡ, ಒಂದು ತಟ್ಟೆಯನ್ನು ತಾವು ನಡೆಸಲು ಹೋಗಬೇಕು. ಹಾಗೆ ಹೋದ ಎಚ್‌ಎಂಗೆ ಯಾವ ಮೆಟ್ಟಿಲಲ್ಲಿ ಮಕ್ಕಳು ಸಿಕ್ಕಿಕೊಳ್ಳುತ್ತಾರೆ ಅನ್ನುವುದು ಗೊತ್ತಾಗುತ್ತದೆ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ ಅವರು ಆಡುವ ಮಾತಿಗೆ ಆಗ ತೂಕ ಬರುತ್ತದೆ. ಈ ಸಭೆಗಳು ಎಷ್ಟೋ ಕಡೆ ಸುತ್ತೋಲೆ ಓದಿ, ಅಂಕಿಅಂಶ ಸಂಗ್ರಹಿಸಿ ಮುಗಿಯುತ್ತವೆ. ಅಲ್ಲಿ ಅರ್ಧ ಗಂಟೆಯಾದರೂ ಶಿಕ್ಷಕರು ತಾವು ಮಾಡಿದ ಕಾರ್ಡು ತಂದು ತೋರಿಸಿ, ಬೇರೆಯವರದನ್ನು ನೋಡಿದರೆ, 1995ರ ಆ ಪ್ರಯಾಣದ ಒಂದು ಸಣ್ಣ ರೂಪ ನಮ್ಮ ಹೋಬಳಿಯಲ್ಲೇ ಸಿಗುತ್ತದೆ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಾದ ಸಿಆರ್‌ಪಿಗಳು ಮನಸ್ಸು ಮಾಡಿದರೆ ಇದು ಮುಂದಿನ ತಿಂಗಳೇ ಆಗಬಹುದು.

ಉಳಿದಿರುವ ಕಷ್ಟ ವರ್ಗಾವಣೆ. ಕೌನ್ಸೆಲಿಂಗ್ ಮುಗಿದ ಮರುದಿನ ನುರಿತ ನಲಿ-ಕಲಿ ಶಿಕ್ಷಕಿ ಬೇರೆ ತಾಲ್ಲೂಕಿಗೆ ಹೋಗುತ್ತಾರೆ, ಬಂದವರು ಇದುವರೆಗೆ ಏಳನೇ ತರಗತಿಗೆ ಸಮಾಜ ವಿಜ್ಞಾನ ಹೇಳುತ್ತಿದ್ದವರು ಆಗಿರಬಹುದು. ಚಾರ್ಜು ಕೊಡುವಾಗ ಪೀಠೋಪಕರಣ, ರಿಜಿಸ್ಟರು, ದಾಸ್ತಾನು ಎಲ್ಲವನ್ನೂ ಎಣಿಸಿ ಸಹಿ ಹಾಕುತ್ತೇವೆ. ಯಾವ ಮಗು ಎಲ್ಲಿದೆ ಎಂಬುದನ್ನು ಯಾರೂ ಯಾರಿಗೂ ಒಪ್ಪಿಸುವುದಿಲ್ಲ. ಹೋಗುವವರೂ ಬರುವವರೂ ಪ್ರಗತಿ ನೋಟದ ಮುಂದೆ ಅರ್ಧ ದಿನ ಒಟ್ಟಿಗೆ ಕೂರುವಂತೆ ಮುಖ್ಯ ಶಿಕ್ಷಕರು ನೋಡಿಕೊಳ್ಳಬಹುದು. ಬಿಡುಗಡೆ ಪತ್ರ ಕೊಡುವ ಮುಂಚೆ ಆ ಅರ್ಧ ದಿನ ಕೇಳುವುದಕ್ಕೆ ಯಾರ ಅನುಮತಿಯೂ ಬೇಕಿಲ್ಲ.